ದಲ್ಲಾಳಿಯ ಪ್ರತಿಫಲ

ಕೊಳ್ಳೇಗಾಲದ ಮನೆಯಾಗಲಿ, ಹನೂರಿನ ಹೊಲವಾಗಲಿ, ಯಳಂದೂರಿನ ಗದ್ದೆಯಾಗಲಿ, ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸುವವನು ಬಹುಮಟ್ಟಿಗೆ ದಲ್ಲಾಳಿಯೇ. ಅವನ ಶ್ರಮಕ್ಕೆ ಪ್ರತಿಫಲ ಸಲ್ಲುವುದು ನ್ಯಾಯವೇ ಸರಿ. ಆದರೆ ಅದು ಎಷ್ಟು, ಯಾವಾಗ, ಯಾರಿಂದ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ, ಕ್ರಯಪತ್ರವು ನೋಂದಣಿಯಾಗುವ ದಿನ ಕಛೇರಿಯ ಬಾಗಿಲಲ್ಲಿ ಕಲಹಕ್ಕೆ ನಿಲ್ಲುವ ಗೃಹಸ್ಥರುಂಟು.

ನೂರಕ್ಕೆ ಒಂದು ಅಥವಾ ಎರಡು ರೂಪಾಯಿ ಕೇಳುವುದು ರೂಢಿಯೇ ಹೊರತು ಶಾಸನವಲ್ಲ. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯು ಇಂತಿಷ್ಟೇ ಎಂದು ದರವನ್ನು ವಿಧಿಸಿಲ್ಲ; ಉಭಯರ ಒಪ್ಪಂದವೇ ಪ್ರಮಾಣ. ಬೇರೆ ಒಪ್ಪಂದವಿಲ್ಲದಿದ್ದರೆ, ವಹಿಸಿದ ಕಾರ್ಯವು ಪೂರ್ಣವಾದ ಮೇಲೆಯೇ ಪ್ರತಿಫಲವು ಸಲ್ಲತಕ್ಕದ್ದೆಂದು ಅದರ 219ನೆಯ ಪ್ರಕರಣವು ಹೇಳುತ್ತದೆ. ಆದರೆ ಪೂರ್ಣವಾಗುವುದೆಂದರೇನು? ಗಿರಾಕಿಯನ್ನು ಕರೆತಂದರೆ ಸಾಕೆ? ಮುಂಗಡ ಬಂದರೆ ಸಾಕೆ? ನೋಂದಣಿಯೇ ಆಗಬೇಕೆ? ವ್ಯಾಜ್ಯದ ಬೀಜವಿರುವುದು ಇಲ್ಲಿಯೇ.

ಇನ್ನೊಂದು ಸಂಗತಿಯುಂಟು. ಒಡೆಯನು ತನ್ನ ಪರವಾಗಿ ಗದ್ದೆಯನ್ನು ಮಾರಿಕೊಡೆಂದು ಒಬ್ಬನನ್ನು ನೇಮಿಸಿದನೆಂದಿಟ್ಟುಕೊಳ್ಳೋಣ. ಅವನು ಕೊಳ್ಳುವವನಿಂದ 23 ಲಕ್ಷ ರೂಪಾಯಿ ಪಡೆದು, ಒಡೆಯನಿಗೆ 20 ಲಕ್ಷವೆಂದು ಹೇಳಿ, ಮಿಕ್ಕುದನ್ನು ಮರೆಮಾಚಿದರೆ, ಆ 3 ಲಕ್ಷವು ಅವನದಲ್ಲ, ಒಡೆಯನದು. ಒಡೆಯನ ಪರವಾಗಿ ಪಡೆದ ಹಣವನ್ನು ಅವನಿಗೇ ಒಪ್ಪಿಸತಕ್ಕದ್ದೆಂಬುದು 218ನೆಯ ಪ್ರಕರಣದ ವಿಧಿ. ವಹಿಸಿದ ಕಾರ್ಯದಲ್ಲಿ ದುರ್ನಡತೆ ತೋರಿದವನು ಆ ಭಾಗದ ಪ್ರತಿಫಲವನ್ನೂ ಕಳೆದುಕೊಳ್ಳುವನೆಂದು 220ನೆಯದು ಸಾರುತ್ತದೆ.

ಹೊಸ ಬಡಾವಣೆಯ ನಿವೇಶನವನ್ನು ಕೊಳ್ಳುವವರು 2016ರ ರಿಯಲ್ ಎಸ್ಟೇಟ್ ಕಾಯಿದೆಯನ್ನೂ ಅರಿತಿರಬೇಕು. ಈ ಕಾಯಿದೆಯ ಮೇರೆಗೆ ನೋಂದಾಯಿತವಾದ ಬಡಾವಣೆಯಲ್ಲಿ ಮಾರಾಟಕ್ಕೆ ನೆರವಾಗುವ ದಲ್ಲಾಳಿಯು ತಾನೂ ನೋಂದಣಿ ಮಾಡಿಸಿಕೊಂಡಿರತಕ್ಕದ್ದು. ತಪ್ಪಿದರೆ ದಿನವೊಂದಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೂ ದಂಡವುಂಟು. ಆದುದರಿಂದ ಅವನ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬೇಕಾದುದಿಲ್ಲ. ಆದರೆ ರೈತನೊಬ್ಬನು ಮಾರುವ ಹೊಲಗದ್ದೆಗೂ ಹಳೆಯ ಮನೆಗೂ ಈ ನಿಯಮವು ಅನ್ವಯಿಸದು. ಅಲ್ಲಿ ಕರಾರೊಂದೇ ರಕ್ಷಣೆ.

ಬಾಯಿಮಾತೂ ಕರಾರೇ, ಆದರೆ ಅದನ್ನು ರುಜುವಾತುಪಡಿಸುವುದು ಕಷ್ಟ. ಆದಕಾರಣ ಜಮೀನನ್ನು ತೋರಿಸುವುದಕ್ಕೆ ಮೊದಲೇ, ಮೊಬಲಗು ಎಷ್ಟು, ಕೊಡತಕ್ಕವರು ಯಾರು, ಯಾವ ಹಂತದಲ್ಲಿ, ವ್ಯಾಪಾರ ಮುರಿದರೆ ಏನು ಎಂಬ ನಾಲ್ಕು ಮಾತುಗಳನ್ನು ಬರೆದು ಉಭಯರೂ ರುಜು ಹಾಕಲಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ರಸೀದಿ ಪಡೆಯಲಿ. ದುಡಿದ ದಲ್ಲಾಳಿಯನ್ನು ಬರಿಗೈಯಲ್ಲಿ ಕಳುಹಿಸುವ ಒಡೆಯರೂ ಇಲ್ಲದಿಲ್ಲ. ಆ ಕಾಗದವು ಅವನನ್ನೂ ಕಾಯುವುದು.