ಹಿಂಬದಿ ಆಕ್ಸಲ್ ಬಲವರ್ಧನೆ: ಸಣ್ಣ ವರ್ಕ್‌ಶಾಪುಗಳು ಅರಿಯಬೇಕಾದ ಸಂಗತಿಗಳು

ಮೈಸೂರಿನಿಂದ ಮಾನಂದವಾಡಿಗೆ ಸಾಗುವ ರಸ್ತೆಯಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಂಪಾಪುರವಿದೆ. ಸುಗ್ಗಿಯ ದಿನಗಳಲ್ಲಿ ಹತ್ತಿ, ಶುಂಠಿ, ಬಾಳೆ ತುಂಬಿದ ಪಿಕಪ್ ವಾಹನಗಳು ಇಲ್ಲಿ ಸಾಲುಗಟ್ಟುತ್ತವೆ. ಹೊಲದ ಕೆಸರಿನಿಂದ ಡಾಂಬರು ರಸ್ತೆಗೆ ಹತ್ತುವ ಏರಿನಲ್ಲಿ ಚಾಲಕ ಕ್ಲಚ್ ಬಿಟ್ಟೊಡನೆ ಹಿಂದಿನಿಂದ ಒಂದು ಸದ್ದು ಕೇಳಿಸುತ್ತದೆ. ಎಂಜಿನ್ ಓಡುತ್ತಿರುತ್ತದೆ, ವಾಹನ ಮಾತ್ರ ಕದಲುವುದಿಲ್ಲ. ಆಕ್ಸಲ್ ಶಾಫ್ಟ್ ತುಂಡಾಗಿದೆ. ಸರಕು ಮತ್ತೊಂದು ವಾಹನಕ್ಕೆ ಬದಲಾಗಬೇಕು, ಅಂದಿನ ಬಾಡಿಗೆ ಹೋಯಿತು, ಮಾರುಕಟ್ಟೆಯ ಸಮಯವೂ ಮೀರಿತು. ಮರುದಿನ ಮಾಲೀಕರು ವರ್ಕ್‌ಶಾಪಿಗೆ ಬಂದು ಕೇಳುವುದು ಒಂದೇ ಮಾತು: "ಇನ್ನು ಮುಂದೆ ಮುರಿಯದ ಹಾಗೆ ಗಟ್ಟಿ ಮಾಡಿಕೊಡಿ."

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ತಾಲ್ಲೂಕುಗಳ ಲೇತ್ ಹಾಗೂ ವೆಲ್ಡಿಂಗ್ ಘಟಕಗಳಿಗೆ ಈ ಬೇಡಿಕೆ ಹೊಸದಲ್ಲ. ಆದರೆ ಇದಕ್ಕೆ ನೀಡುವ ಉತ್ತರ ಶಾಸ್ತ್ರೀಯವಾಗಿಯೂ ಕಾನೂನುಬದ್ಧವಾಗಿಯೂ ಇರಬೇಕಾದ ಕಾಲ ಬಂದಿದೆ. ಈ ದಿಸೆಯಲ್ಲಿ ಸದಸ್ಯರಿಗೆ ಉಪಯುಕ್ತವಾಗಬಹುದಾದ ಕೆಲವು ವಿಚಾರಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಅಮೆರಿಕದ ಅನುಭವ

ಕಾರ್ಖಾನೆಯಿಂದ ಬಂದ ಹಿಂಬದಿ ಆಕ್ಸಲನ್ನು ಬಲಪಡಿಸುವ ವಿದ್ಯೆ ಹೆಚ್ಚು ಬೆಳೆದದ್ದು ಅಮೆರಿಕದಲ್ಲಿ. 1964ರ ಪಾಂಟಿಯಾಕ್ ಜಿಟಿಒ ಮಾದರಿಯಿಂದ ಅಲ್ಲಿ 'ಮಸಲ್ ಕಾರು'ಗಳ ಯುಗ ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮಧ್ಯಮ ಗಾತ್ರದ ಕಾರಿಗೆ ಆರು ಲೀಟರಿಗೂ ಮಿಗಿಲಾದ ಎಂಜಿನ್ ಅಳವಡಿಸಿದ ವಾಹನವದು. ಇಂತಹ ಕಾರುಗಳ ಮಾಲೀಕರು ಎಂಜಿನ್ನಿನ ಶಕ್ತಿಯನ್ನು ಇನ್ನಷ್ಟು ಹೆಚ್ಚಿಸಿ, ಅಗಲವಾದ ಮೆತ್ತನೆಯ ಟೈರುಗಳನ್ನು ತೊಡಿಸಿ ಪಂದ್ಯಕ್ಕಿಳಿದಾಗ ಮೊದಲು ಮುರಿದದ್ದು ಹಿಂಬದಿ ಆಕ್ಸಲ್. ಆ ಮುರಿತಗಳಿಂದ ಕಲಿತ ಪಾಠವೇ ಇಂದು ಅಲ್ಲಿ ಒಂದು ಬಿಡಿಭಾಗ ಉದ್ಯಮವಾಗಿದೆ. 1957ರಿಂದ 1986ರವರೆಗೆ ಫೋರ್ಡ್ ಕಂಪನಿ ಬಳಸಿದ ಒಂಬತ್ತು ಇಂಚಿನ ಆಕ್ಸಲಿನ ಹೌಸಿಂಗ್, ಶಾಫ್ಟ್, ಗೇರುಗಳನ್ನು ಖಾಸಗಿ ತಯಾರಕರು ಇಂದಿಗೂ ಹೊಸದಾಗಿ ತಯಾರಿಸಿ ಮಾರುತ್ತಿದ್ದಾರೆ.

ಪಂದ್ಯದ ಕಾರಿಗೂ ಹಂಪಾಪುರದ ಪಿಕಪ್ಪಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಒಂದು ಸರಳ ಲೆಕ್ಕ ಇದಕ್ಕೆ ಉತ್ತರ ನೀಡುತ್ತದೆ.

ಲೆಕ್ಕ ಏನು ಹೇಳುತ್ತದೆ?

ಟಾರ್ಕ್ ಎಂದರೆ ತಿರುಚು ಬಲ. ಎಂಜಿನ್ನಿನ ಟಾರ್ಕನ್ನು ಮೊದಲ ಗೇರಿನ ಅನುಪಾತದಿಂದಲೂ ಕ್ರೌನ್-ಪಿನಿಯನ್ ಅನುಪಾತದಿಂದಲೂ ಗುಣಿಸಿದರೆ ಆಕ್ಸಲಿಗೆ ತಲುಪುವ ಬಲ ದೊರೆಯುತ್ತದೆ. ಉದಾಹರಣೆಗೆ, 500 ನ್ಯೂಟನ್ ಮೀಟರ್ ಟಾರ್ಕಿನ ದೊಡ್ಡ ಕಾರಿನಲ್ಲಿ ಮೊದಲ ಗೇರು 2.5, ಕ್ರೌನ್-ಪಿನಿಯನ್ 3.5 ಎಂದಿಟ್ಟುಕೊಂಡರೆ ಆಕ್ಸಲಿಗೆ ಬರುವುದು 4,375 ನ್ಯೂಟನ್ ಮೀಟರ್. ಇನ್ನು 200 ನ್ಯೂಟನ್ ಮೀಟರ್ ಟಾರ್ಕಿನ ಡೀಸೆಲ್ ಪಿಕಪ್ ಒಂದರಲ್ಲಿ ಎರಡೂ ಅನುಪಾತಗಳು 4 ಎಂದು ಭಾವಿಸಿದರೆ 3,200 ನ್ಯೂಟನ್ ಮೀಟರ್. ಎಂಜಿನ್ನುಗಳ ನಡುವಿನ ಎರಡೂವರೆ ಪಟ್ಟು ಅಂತರ ಆಕ್ಸಲಿನ ಬಳಿಗೆ ಬರುವಾಗ ಒಂದೂವರೆ ಪಟ್ಟಿಗೂ ಕಡಿಮೆಯಾಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಟೈರಿನ ಹಿಡಿತ. ಟೈರು ಜಾರಿದರೆ ಆಕ್ಸಲ್ ಉಳಿಯುತ್ತದೆ. ಟೈರು ಜಾರದಿದ್ದರೆ ಬಂದ ಬಲವೆಲ್ಲವನ್ನೂ ಶಾಫ್ಟೇ ಹೊರಬೇಕು. ಹಿಂದಿನ ಚಕ್ರಗಳ ಮೇಲೆ 800 ಕಿಲೋ ಭಾರವಿರುವ ಖಾಲಿ ವಾಹನ, 35 ಸೆಂಟಿಮೀಟರ್ ತ್ರಿಜ್ಯದ ಚಕ್ರ, 0.8 ಘರ್ಷಣೆ ಎಂದು ಲೆಕ್ಕ ಹಾಕಿದರೆ ಸುಮಾರು 2,200 ನ್ಯೂಟನ್ ಮೀಟರಿಗೆ ಟೈರು ಜಾರುತ್ತದೆ. ಅಂದರೆ 3,200 ನ್ಯೂಟನ್ ಮೀಟರ್ ಪೂರ್ತಿಯಾಗಿ ಶಾಫ್ಟನ್ನು ಮುಟ್ಟುವುದೇ ಇಲ್ಲ. ಅದೇ ವಾಹನದ ಹಿಂಭಾಗದಲ್ಲಿ 2,000 ಕಿಲೋ ಭಾರವಿದ್ದರೆ ಟೈರು ಸುಮಾರು 5,500ರವರೆಗೂ ಜಾರದು. ಆಗ ಎಂಜಿನ್ನಿನ ಬಲದ ಜೊತೆಗೆ ಥಟ್ಟನೆ ಕ್ಲಚ್ ಬಿಟ್ಟಾಗಿನ ಹೊಡೆತವೂ ಶಾಫ್ಟಿನ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಸುತ್ತುತ್ತಿದ್ದ ಚಕ್ರಕ್ಕೆ ಒಮ್ಮೆಲೇ ಗಟ್ಟಿ ನೆಲ ಸಿಕ್ಕಿದಾಗ ಆಗುವುದೂ ಇದೇ. ಪಂದ್ಯದ ಕಾರಿಗೆ ಮೆತ್ತನೆಯ ಟೈರು ಮಾಡುವ ಕೆಲಸವನ್ನೇ ನಮ್ಮ ಪಿಕಪ್ಪಿಗೆ ಮಿತಿಮೀರಿದ ಸರಕು ಮಾಡುತ್ತದೆ.

ಬಲಪಡಿಸುವ ವಿಧಾನಗಳು

ಮೊದಲನೆಯದು ಶಾಫ್ಟ್. ದುಂಡು ಶಾಫ್ಟಿನ ತಿರುಚು ಸಾಮರ್ಥ್ಯ ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. 30 ಮಿಲಿಮೀಟರ್ ಶಾಫ್ಟನ್ನು 33ಕ್ಕೆ ಏರಿಸಿದರೆ ಬಲ ಶೇ. 33ರಷ್ಟು ಹೆಚ್ಚುತ್ತದೆ, 38ಕ್ಕೆ ಏರಿಸಿದರೆ ಎರಡು ಪಟ್ಟಾಗುತ್ತದೆ. ಅಮೆರಿಕದವರು 28 ಹಲ್ಲಿನ ಶಾಫ್ಟಿನಿಂದ 31ಕ್ಕೆ, ಅಲ್ಲಿಂದ 35ಕ್ಕೆ ಹೋಗುವುದರ ಮರ್ಮ ಇದೇ. ಶಾಫ್ಟ್ ದಪ್ಪವಾದರೆ ಡಿಫರೆನ್ಷಿಯಲ್ ಒಳಗಿನ ಸೈಡ್ ಗೇರುಗಳೂ ಅದಕ್ಕೆ ಹೊಂದುವಂತೆ ಬದಲಾಗಬೇಕು ಎಂಬುದನ್ನು ಮರೆಯಬಾರದು.

ಎರಡನೆಯದು ಹೌಸಿಂಗ್. ಎರಕದ ನಡುಭಾಗಕ್ಕೆ ಉಕ್ಕಿನ ಕೊಳವೆಗಳನ್ನು ಒತ್ತಿ ಕೂರಿಸಿದ ಆಕ್ಸಲುಗಳಲ್ಲಿ, ಬಲ ಮಿತಿಮೀರಿದಾಗ ಕೊಳವೆಯೇ ತಿರುಗಿಬಿಡುತ್ತದೆ. ಆ ಕೂಡುಜಾಗವನ್ನು ಸುತ್ತಲೂ ಬೆಸೆಯುವುದು ಇದಕ್ಕೆ ಪರಿಹಾರ. ಆದರೆ ಎರಕದ ಕಬ್ಬಿಣಕ್ಕೆ ಉಕ್ಕನ್ನು ಬೆಸೆಯಲು ಮೊದಲೇ ಕಾಯಿಸಿಕೊಳ್ಳಬೇಕು, ನಿಕ್ಕಲ್ ಕಡ್ಡಿ ಬಳಸಬೇಕು, ನಿಧಾನವಾಗಿ ತಣಿಸಬೇಕು. ತಗಡು ಒತ್ತಿ ಮಾಡಿದ ಹೌಸಿಂಗಿಗಾದರೆ ಉದ್ದಕ್ಕೂ ಆಧಾರಪಟ್ಟಿ ಬೆಸೆದು ಅದು ಬಾಗದಂತೆ ತಡೆಯಬಹುದು.

ಮೂರನೆಯದು ಕ್ರೌನ್-ಪಿನಿಯನ್ನಿನ ಆಸರೆ. ಭಾರಿ ಬಲದಲ್ಲಿ ಕ್ರೌನ್ ಗೇರು ಪಿನಿಯನ್ನಿನಿಂದ ದೂರ ಸರಿಯಲು ಯತ್ನಿಸುತ್ತದೆ. ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಂಡು ಮುರಿಯುತ್ತವೆ. ಬೇರಿಂಗ್ ಕ್ಯಾಪುಗಳನ್ನು ಒಳಮುಖವಾಗಿ ಒತ್ತಿಹಿಡಿಯುವ ದಪ್ಪ ಹಿಂಮುಚ್ಚಳವೂ, ಕುಸಿಯುವ ಸ್ಲೀವಿನ ಬದಲು ಗಟ್ಟಿ ಸ್ಪೇಸರೂ ಇದನ್ನು ತಡೆಯುತ್ತವೆ.

ನಾಲ್ಕನೆಯದು ಚಕ್ರದ ಹಬ್ಬು. ಕಾರು ಹಾಗೂ ಸಣ್ಣ ವಾಹನಗಳ ಅನೇಕ ಆಕ್ಸಲುಗಳಲ್ಲಿ ಶಾಫ್ಟೇ ಚಕ್ರವನ್ನು ಹಿಡಿದಿರುತ್ತದೆ. ಶಾಫ್ಟ್ ತುಂಡಾದರೆ ಚಕ್ರವೇ ಕಳಚಿ ಹೊರಬರುವ ಅಪಾಯವಿದೆ. ಭಾರಿ ಲಾರಿಗಳಲ್ಲಿ ಭಾರವನ್ನು ಹೌಸಿಂಗ್ ಹೊರುತ್ತದೆ, ಶಾಫ್ಟ್ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಯಾವ ವಾಹನದಲ್ಲಿ ಯಾವ ಬಗೆಯ ಆಕ್ಸಲ್ ಇದೆ ಎಂಬುದನ್ನು ಅರಿಯದೆ ಕೆಲಸಕ್ಕೆ ಕೈಹಾಕುವುದು ತರವಲ್ಲ.

ಸಾಮಾನ್ಯ ತಪ್ಪುಗಳು

ತುಂಡಾದ ಶಾಫ್ಟನ್ನು ಬೆಸೆದು ಮತ್ತೆ ಜೋಡಿಸುವುದು ಇವುಗಳಲ್ಲಿ ಮೊದಲನೆಯದು. ಶಾಫ್ಟಿನ ಬಲವಿರುವುದು ಅದಕ್ಕೆ ನೀಡಿದ ಉಷ್ಣ ಸಂಸ್ಕರಣದಲ್ಲಿ. ಬೆಸುಗೆಯ ಕಾವಿಗೆ ಆ ಗಡಸುತನ ಅಳಿದು, ಪಕ್ಕದಲ್ಲೇ ಬಿರುಕು ಹುಟ್ಟುತ್ತದೆ. ಲೇತಿನಲ್ಲಿ ಮಾದರಿಯನ್ನು ನೋಡಿ ಸಾದಾ ಉಕ್ಕಿನಲ್ಲಿ ಕಡೆದ ಶಾಫ್ಟ್ ಕೂಡ, ಅಳತೆ ಎಷ್ಟೇ ನಿಖರವಾಗಿದ್ದರೂ, ಉಷ್ಣ ಸಂಸ್ಕರಣವಿಲ್ಲದೆ ಮೂಲ ಶಾಫ್ಟಿಗೆ ಸಾಟಿಯಾಗದು.

ಎರಡನೆಯದು, ಹೌಸಿಂಗನ್ನು ಜಿಗ್ ಇಲ್ಲದೆ ನೆಲದ ಮೇಲಿಟ್ಟು ಬೆಸೆಯುವುದು. ಬೆಸುಗೆ ತಣಿಯುವಾಗ ಕೊಳವೆಯನ್ನು ತನ್ನತ್ತ ಎಳೆಯುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು, ಎಣ್ಣೆ ಸೋರಿಕೆ, ಬೇರಿಂಗ್ ಸವೆತ, ಟೈರಿನ ಓರೆ ಸವೆತ ಒಂದರ ಹಿಂದೊಂದು ಬರುತ್ತವೆ. ಬಲಪಡಿಸಲೆಂದು ಮಾಡಿದ ಕೆಲಸವೇ ಆಕ್ಸಲಿನ ಆಯುಷ್ಯವನ್ನು ಕುಗ್ಗಿಸುತ್ತದೆ.

ಮೂರನೆಯದು ನಮ್ಮಲ್ಲಿ ಅತಿ ಸಾಮಾನ್ಯವಾದುದು: ಕಮಾನಿಗೆ ಒಂದೆರಡು ಪಟ್ಟಿ ಹೆಚ್ಚು ಸೇರಿಸಿ 'ಹಿಂದುಗಡೆ ಗಟ್ಟಿ ಮಾಡಿದೆವು' ಎನ್ನುವುದು. ಪಟ್ಟಿ ಹೆಚ್ಚಿದರೆ ವಾಹನ ಕುಗ್ಗುವುದಿಲ್ಲ, ಅಷ್ಟೆ. ಆಕ್ಸಲಿನ ಒಂದು ಬೋಲ್ಟಿಗೂ ಅದರಿಂದ ಬಲ ಬರುವುದಿಲ್ಲ. ವಾಹನ ಕುಗ್ಗದ ಕಾರಣ ಮಾಲೀಕರು ಇನ್ನಷ್ಟು ಸರಕು ಹೇರುತ್ತಾರೆ. ಟೈರಿನ ಹಿಡಿತ ಹೆಚ್ಚಿ ಶಾಫ್ಟ್ ಬೇಗನೆ ತುಂಡಾಗುತ್ತದೆ.

ಕಾನೂನಿನ ಗೆರೆ

1988ರ ಮೋಟಾರು ವಾಹನ ಕಾಯಿದೆಯ 52ನೇ ಪ್ರಕರಣವು ತಯಾರಕರ ಮೂಲ ನಮೂನೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು 182-ಎ ಪ್ರಕರಣವನ್ನು ಹೊಸದಾಗಿ ರೂಪಿಸಿದ್ದು, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ತಯಾರಕರು ಹಾಗೂ ವರ್ತಕರು ಗಮನಿಸಬೇಕಾದ ಅಂಶವೂ ಅಲ್ಲಿದೆ. ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿತವಾದ ಬಿಡಿಭಾಗವನ್ನು ನಿಯಮಕ್ಕೆ ವಿರುದ್ಧವಾಗಿ ಮಾರಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ. ದಂಡ, ಇಲ್ಲವೇ ಎರಡೂ ಉಂಟು.

ಅಧಿಕ ಭಾರದ ದಂಡವೂ ಆ ತಿದ್ದುಪಡಿಯಲ್ಲಿ 2,000 ರೂ.ಗಳಿಂದ 20,000 ರೂ.ಗಳಿಗೆ ಏರಿತು, ಮಿತಿಮೀರಿದ ಪ್ರತಿ ಟನ್ನಿಗೆ ಹೆಚ್ಚುವರಿ 2,000 ರೂ. ಬೇರೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರುಗಳ ಒಂಟಿ ಆಕ್ಸಲಿನ ಭಾರಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಹೆಚ್ಚಿಸಿದ್ದು ನಿಜ. ಆದರೆ ಮಿತಿ ಏರಿದ ಮಾತ್ರಕ್ಕೆ ಹಳೆಯ ಆಕ್ಸಲಿನ ಉಕ್ಕು ಬಲಗೊಳ್ಳುವುದಿಲ್ಲ. ನೋಂದಣಿ ಪತ್ರದಲ್ಲಿ ನಮೂದಾದ ತೂಕವೇ ಮಾಲೀಕರಿಗೆ ಪ್ರಮಾಣ.

ಅವಕಾಶ ಎಲ್ಲಿದೆ?

ಹಾಗಾದರೆ ಸಣ್ಣ ಘಟಕಗಳಿಗೆ ಇಲ್ಲಿ ಕೆಲಸವೇ ಇಲ್ಲವೇ? ಖಂಡಿತವಾಗಿಯೂ ಇದೆ. ಮೂಲ ನಮೂನೆಗೆ ಅನುಗುಣವಾಗಿ ಆಕ್ಸಲನ್ನು ದುರಸ್ತಿಗೊಳಿಸುವುದು, ಹೌಸಿಂಗಿನ ನೇರವನ್ನು ಅಳೆದು ಸರಿಪಡಿಸುವುದು, ಕ್ರೌನ್-ಪಿನಿಯನ್ನಿನ ಹೊಂದಾಣಿಕೆಯನ್ನು ಡಯಲ್ ಗೇಜಿನಿಂದ ಪರಿಶೀಲಿಸುವುದು, ಕೂದಲೆಳೆಯ ಬಿರುಕನ್ನು ಬಣ್ಣದ ದ್ರವದಿಂದ ಪತ್ತೆಹಚ್ಚುವುದು ಇವೆಲ್ಲ ಅಲ್ಪ ಬಂಡವಾಳದಲ್ಲಿ ಸಾಧ್ಯವಾದ, ಗ್ರಾಹಕರು ಹಣ ತೆರಲು ಸಿದ್ಧರಿರುವ ಸೇವೆಗಳು. ರಸ್ತೆಗಿಳಿಯದೆ ಮುಚ್ಚಿದ ಅಂಕಣದಲ್ಲಷ್ಟೇ ಓಡುವ ಸ್ಪರ್ಧಾ ವಾಹನಗಳಿಗೆ ಮೇಲೆ ಹೇಳಿದ ಬಲವರ್ಧನೆಯ ವಿಧಾನಗಳನ್ನು ಪೂರ್ಣವಾಗಿ ಅನ್ವಯಿಸಬಹುದು.

ದೊಡ್ಡ ಅವಕಾಶ ನಮ್ಮ ಬಾಗಿಲಲ್ಲೇ ಇದೆ. ಹುಣಸೂರು ರಸ್ತೆಗೆ ಸಮೀಪದ ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಭಾರಿ ವಾಹನಗಳ ಆಕ್ಸಲುಗಳನ್ನು ತಯಾರಿಸುವ ಆಟೋಮೋಟಿವ್ ಆಕ್ಸಲ್ಸ್ ಲಿಮಿಟೆಡ್ ಇದೆ. 1981ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಕಲ್ಯಾಣಿ ಸಮೂಹದ ಜೊತೆ ಸಹಭಾಗಿಯಾದ ಮೆರಿಟರ್ ಕಂಪನಿಯನ್ನು 2022ರಲ್ಲಿ ಅಮೆರಿಕದ ಕಮಿನ್ಸ್ ಸ್ವಾಧೀನಪಡಿಸಿಕೊಂಡಿತು. ಇಂತಹ ಉದ್ಯಮಗಳ ಪೂರೈಕೆದಾರರಾಗಬೇಕಾದರೆ ಐಎಟಿಎಫ್ 16949 ಮಾದರಿಯ ಗುಣಮಟ್ಟ ವ್ಯವಸ್ಥೆ, ಉಕ್ಕಿನ ಪ್ರಮಾಣಪತ್ರ, ಗಡಸುತನದ ದಾಖಲೆ ಇವು ಅಗತ್ಯ. ಕುಶಲ ಕೆಲಸಗಾರರ ತರಬೇತಿಗೆ ಮೈಸೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ದಾಖಲೆ ಇಡುವ ಅಭ್ಯಾಸವನ್ನು ಇಂದೇ ರೂಢಿಸಿಕೊಂಡ ಘಟಕಕ್ಕೆ ನಾಳೆ ಈ ಬಾಗಿಲು ತೆರೆಯಬಹುದು.

ಕೊನೆಯದಾಗಿ, "ಮುರಿಯದ ಹಾಗೆ ಮಾಡಿಕೊಡಿ" ಎಂದು ಕೇಳುವ ಮಾಲೀಕರಿಗೆ ನೀಡಬೇಕಾದ ಪ್ರಾಮಾಣಿಕ ಉತ್ತರ ಮೂರು ಮಾತಿನದು: ಮೂಲ ದರ್ಜೆಯ ಶಾಫ್ಟ್ ಹಾಕಿಸಿ, ನಮೂದಿತ ತೂಕವನ್ನು ಮೀರದಿರಿ, ಏರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಈ ಮಾತು ಹೇಳಿದರೆ ಅಂದಿನ ಒಂದು ಬೆಸುಗೆಯ ಕೂಲಿ ಕೈತಪ್ಪಬಹುದು. ಆದರೆ ಸಂತೆಗೆ ಹೊರಟ ಸರಕು ಸಂತೆಯನ್ನು ತಲುಪುತ್ತದೆ, ಎದುರಿನಿಂದ ಬರುವವರ ಜೀವವೂ ಉಳಿಯುತ್ತದೆ. ಆ ಗ್ರಾಹಕರು ಮುಂದಿನ ಕೆಲಸಕ್ಕೆ ಮತ್ತೆ ಅದೇ ವರ್ಕ್‌ಶಾಪಿಗೆ ಬರುತ್ತಾರೆ.