ಆಘಾತಕ್ಕೊಳಗಾದ ಮಕ್ಕಳಿಗೆ ಶಾಲೆಯಲ್ಲಿ ಮಾನಸಿಕ ನೆರವು: ಗ್ರಾಮ ಪಂಚಾಯತಿ ಸದಸ್ಯರಿಗೆ ಮಾಹಿತಿ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತವಾಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಗ್ರಾಮಗಳು ಜಲಾವೃತವಾದವು. ಇಂತಹ ಸಂದರ್ಭಗಳಲ್ಲಿ ಮನೆ ಹಾಗೂ ಬೆಳೆಯ ಹಾನಿಗೆ ಪಂಚನಾಮೆಯಾಗುತ್ತದೆ. ಮಗುವಿನ ಮನಸ್ಸಿಗಾದ ಹಾನಿ ಯಾವ ದಾಖಲೆಗೂ ಸೇರುವುದಿಲ್ಲ. ಪೋಷಕರ ಸಾವು, ಮನೆಯೊಳಗಿನ ಹಿಂಸೆ, ಲೈಂಗಿಕ ದೌರ್ಜನ್ಯಗಳೂ ಇಂತಹುದೇ ಆಘಾತವನ್ನುಂಟುಮಾಡುತ್ತವೆ.

ಗುರುತಿಸುವ ಬಗೆ

ನಿದ್ರಾಭಂಗ, ಮಳೆಯ ಸದ್ದಿಗೂ ಬೆಚ್ಚಿಬೀಳುವುದು, ಕಾರಣ ತಿಳಿಯದ ತಲೆನೋವು ಹಾಗೂ ಹೊಟ್ಟೆನೋವು, ಪಾಠದಲ್ಲಿ ಗಮನವಿಲ್ಲದಿರುವುದು, ಪದೇ ಪದೇ ಗೈರುಹಾಜರಿ, ಅತಿಯಾದ ಸಿಟ್ಟು ಅಥವಾ ಮೌನ ಇದರ ಲಕ್ಷಣಗಳು. ಬಹುತೇಕ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಮೀರಿಯೂ ಲಕ್ಷಣಗಳು ಮುಂದುವರಿದರೆ ತಜ್ಞರ ನೆರವು ಅಗತ್ಯ. ಸಾಯುವ ಮಾತನಾಡುವ ಮಗುವಿನ ವಿಷಯದಲ್ಲಿ ಒಂದು ದಿನವೂ ಕಾಯಬಾರದು.

ಮನಶ್ಶಾಸ್ತ್ರಜ್ಞರ ಕಾರ್ಯ

ಮನಶ್ಶಾಸ್ತ್ರಜ್ಞರು ಔಷಧ ನೀಡುವವರಲ್ಲ. ಮಗುವಿಗೆ ಮೊದಲು ಸುರಕ್ಷತೆಯ ಭಾವನೆ ಮೂಡಿಸುತ್ತಾರೆ. ನಡೆದುದನ್ನು ಹೇಳೆಂದು ಒತ್ತಾಯಿಸುವುದಿಲ್ಲ. ಚಿಕ್ಕವರಿಗೆ ಆಟ ಮತ್ತು ಚಿತ್ರ, ದೊಡ್ಡವರಿಗೆ ಆಪ್ತಸಮಾಲೋಚನೆ ಹಾಗೂ ಉಸಿರಾಟದ ಅಭ್ಯಾಸಗಳನ್ನು ಬಳಸುತ್ತಾರೆ. ಇಂತಹ ಮಗುವಿನ ವರ್ತನೆಯನ್ನು ಅಶಿಸ್ತೆಂದು ದಂಡಿಸದಂತೆ ಶಿಕ್ಷಕರಿಗೆ ಮಾರ್ಗದರ್ಶನ ನೀಡುತ್ತಾರೆ. ಅಗತ್ಯವಿದ್ದಲ್ಲಿ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ.

ತಜ್ಞರಿಲ್ಲದ ಶಾಲೆಗಳಲ್ಲಿ

ಹೆಚ್ಚಿನ ಗ್ರಾಮೀಣ ಶಾಲೆಗಳಲ್ಲಿ ಈ ತಜ್ಞರಿಲ್ಲ. ಆದುದರಿಂದ ಮುಖ್ಯ ಶಿಕ್ಷಕರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಸಂಪರ್ಕಿಸಬಹುದು. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯವಿದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಶಾಲೆಯ ದಿನಚರಿಯೇ ಮಗುವಿಗೆ ಆಸರೆ. ಶಾಲಾ ಕಟ್ಟಡದಲ್ಲಿ ಕಾಳಜಿ ಕೇಂದ್ರ ತೆರೆದಿದ್ದಲ್ಲಿ ಶೀಘ್ರವೇ ಪರ್ಯಾಯ ಸ್ಥಳ ಒದಗಿಸಿ ತರಗತಿಗಳು ಪುನರಾರಂಭವಾಗಲು ಸಹಕರಿಸುವುದು.

2. ಆಪ್ತಸಮಾಲೋಚನೆಗೆ ಶಾಲೆಯಲ್ಲಿ ಅಥವಾ ಪಂಚಾಯತಿ ಕಟ್ಟಡದಲ್ಲಿ ಪ್ರತ್ಯೇಕ ಕೊಠಡಿ ಒದಗಿಸುವುದು.

3. ಮಕ್ಕಳ ಗ್ರಾಮ ಸಭೆಯಲ್ಲಾಗಲಿ, ಪರಿಹಾರ ವಿತರಣೆಯ ವೇಳೆಯಲ್ಲಾಗಲಿ ನೊಂದ ಮಗುವಿನಿಂದ ಘಟನೆಯನ್ನು ಹೇಳಿಸದಿರುವುದು, ಭಾವಚಿತ್ರ ಹಂಚಿಕೊಳ್ಳದಿರುವುದು.

4. ಲೈಂಗಿಕ ದೌರ್ಜನ್ಯ ತಿಳಿದುಬಂದಲ್ಲಿ ಪೋಕ್ಸೊ ಕಾಯ್ದೆ, 2012ರ ಕಲಂ 19ರಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಊರಿನ ಹಿರಿಯರ ಸಮ್ಮುಖದ ರಾಜಿಗೆ ಇಲ್ಲಿ ಅವಕಾಶವಿಲ್ಲ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು.

ಮುರಿದ ಗೋಡೆಯನ್ನು ಅನುದಾನದಿಂದ ಕಟ್ಟಬಹುದು. ಮಗುವಿನ ನಂಬಿಕೆಯನ್ನು ಕಟ್ಟುವ ಕೆಲಸಕ್ಕೆ ಶಿಕ್ಷಕರು, ತಜ್ಞರು ಮತ್ತು ಗ್ರಾಮ ಪಂಚಾಯತಿ ಒಟ್ಟಾಗಿ ನಿಲ್ಲಬೇಕು.