ಪದಬಂಧಕ್ಕೆ ನಾಲ್ಕು ಕೈಬರಹ

ಬಸವೇಶ್ವರನಗರದ ಕಡೆಯ ಒಂದು ಶಾಖಾ ಗ್ರಂಥಾಲಯಕ್ಕೆ ಹಳೆಯ ಕಾದಂಬರಿಯೊಂದನ್ನು ಹುಡುಕಿಕೊಂಡು ಹೋಗಿದ್ದೆ. ಕಾದಂಬರಿ ಸಿಗಲಿಲ್ಲ. ಸಿಕ್ಕಿದ್ದು ಮೇಜಿನ ಮೇಲಿದ್ದ ಅಂದಿನ ಪತ್ರಿಕೆಯ ಪದಬಂಧ. ಮುಕ್ಕಾಲು ತುಂಬಿತ್ತು, ಆದರೆ ತುಂಬಿದವರು ಒಬ್ಬರಲ್ಲ. ಮೇಲಿನ ಸಾಲು ನೀಲಿ ಪೆನ್ನು, ನಡುವೆ ಪೆನ್ಸಿಲ್ಲು, ಬಲಗಡೆ ಕೋಳಿ ಕೆದಕಿದ ಹಾಗಿನ ಕಪ್ಪು ಗೀಚು. ಕೆಳಗಿನ ಮೂಲೆಯಲ್ಲಿ ಹಸಿರು ಶಾಯಿ. ಗೆಜೆಟೆಡ್ ಅಧಿಕಾರಿಯಾಗಿ ನಿವೃತ್ತರಾದವರೇ ಇರಬೇಕು, ಆ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಸಾರ್ವಜನಿಕ ಪತ್ರಿಕೆಯ ಮೇಲೆ ಬರೆಯಬಾರದು, ನಿಜ. ಗೋಡೆಯ ಮೇಲಿನ ಬೋರ್ಡೂ ಹಾಗೇ ಹೇಳುತ್ತಿತ್ತು. ಆದರೂ ಹೊಸ ಪುಸ್ತಕಗಳ ಕಪಾಟಿನ ಕಡೆ ಹೋಗದೆ ಅಲ್ಲೇ ಕೂತೆ.

ಎದುರಿಗಿದ್ದ ಹುಡುಗ ರಾಯಚೂರು ಕಡೆಯವನು, ಪಿಡಿಒ ಪರೀಕ್ಷೆಗೆ ಓದುತ್ತಿದ್ದ. ದಪ್ಪ ಗೈಡನ್ನು ಮಗುಚಿಟ್ಟು ನಾಲ್ಕು ಮನೆಗಳಲ್ಲಿ ‘ಬೀಸುಕಲು’ ಎಂದು ತುಂಬಿದ. ಪಕ್ಕದ ಹಿರಿಯರು ಕನ್ನಡಕ ಸರಿಮಾಡಿಕೊಂಡು ಬಾಗಿದರು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರಂತೆ.

“ಒತ್ತು ಎಲ್ಲಿ ಹೋಯ್ತಪ್ಪಾ?”

“ಜಾಗ ಸಾಲಲಿಲ್ರಿ ಸರ.”

“ಒತ್ತಿಲ್ಲದಿದ್ರೆ ಮೇಲಿಂದ ಬರೋ ಹುಲ್ಲುಗಾವಲು ಕೆಟ್ಟೋಗುತ್ತೆ ನೋಡು.”

ಕನ್ನಡ ಪದಬಂಧದ ಸೊಗಸೇ ಇದು. ಒಂದು ಮನೆಗೆ ಒಂದು ಇಡೀ ಅಕ್ಷರ. ಗುಣಿತ, ಒತ್ತು ಎಲ್ಲ ಅದರೊಳಗೇ. ಎರಡು ಪದ ಹಾಯುವ ಕಡೆ ‘ಲ’ ಹೊಂದಿದರೆ ಸಾಲದು, ‘ಲ್ಲು’ವೇ ಹೊಂದಬೇಕು. ಹಾಗಾಗಿ ಒಬ್ಬರ ಅವಸರವನ್ನು ಇನ್ನೊಬ್ಬರು ತಿದ್ದದೆ ಆಟ ಮುಂದೆ ಹೋಗದು. ಪೆನ್ಸಿಲ್ಲಿನವರು ಯಾರೆಂದು ವಿಚಾರಿಸಿದೆ. ಬೆಳಿಗ್ಗೆ ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುವ ಅಜ್ಜಿಯಂತೆ, ಪುರಾಣದ ಸುಳಿವೆಲ್ಲ ಅವರ ಪಾಲಿಗೆ. ಕ್ರಿಕೆಟ್, ಸಿನಿಮಾ ಹುಡುಗರಿಗೆ. ಹಸಿರು ಶಾಯಿಯವರನ್ನು ಯಾರೂ ಮಾತಾಡಿಸಿಲ್ಲ, ಸಂಜೆ ಬರುತ್ತಾರಂತೆ. ಅವರಿಗಾಗಿ ಒಂದು ಸಂಜೆಯೂ ಹೋಗಿ ಕಾದೆ, ಬರಲಿಲ್ಲ. ಅವರ ಹಸ್ತಾಕ್ಷರ ಮಾತ್ರ ಎಲ್ಲರಿಗೂ ಪರಿಚಿತ. ನನ್ನ ಮಹಡಿಯಲ್ಲೇ ಇರುವ ಮೂರು ಮನೆಯವರ ಕೈಬರಹ ಹೇಗಿದೆಯೆಂದು ನನಗೆ ಗೊತ್ತಿಲ್ಲ.

ನೆರೆಹೊರೆ ಬೆಳೆಸಲು ಈಗ ಈವೆಂಟ್ ಮ್ಯಾನೇಜರುಗಳನ್ನು ಕರೆಸುವ ಕಾಲ. ಅಪಾರ್ಟ್‌ಮೆಂಟುಗಳಲ್ಲಿ ಟೀ ಶರ್ಟ್ ಹಂಚಿ, ಮೈಕ್ ಹಿಡಿದು ‘ಎಲ್ಲರೂ ಪಕ್ಕದವರ ಹೆಸರು ಕೇಳಿ’ ಎಂದು ಆಡಿಸುವ ಆಟಗಳಲ್ಲಿ ನನಗೆ ನಂಬಿಕೆಯಿಲ್ಲ. ವಾಟ್ಸ್‌ಆ್ಯಪ್ ಗುಂಪಿನ ಕತೆ ನಿಮಗೇ ಗೊತ್ತು: ಬೆಳಗಿನ ಶುಭೋದಯ, ರಾತ್ರಿಯ ಪಾರ್ಕಿಂಗ್ ಜಗಳ. ರಾಮನವಮಿಯ ಪಾನಕ, ಕೋಸಂಬರಿಯ ಪೆಂಡಾಲು ಇವಕ್ಕಿಂತ ಎಷ್ಟೋ ವಾಸಿ, ಆದರೆ ಅದು ವರ್ಷಕ್ಕೊಮ್ಮೆ. ವಾಚನಾಲಯದ ಮೇಜು ದಿನದಿನದ್ದು. ಅಲ್ಲಿ ಯಾರೂ ಯಾರನ್ನೂ ಮಾತಾಡಿಸಲೇಬೇಕೆಂದಿಲ್ಲ. ಪತ್ರಿಕೆಯ ಒಳಹಾಳೆ ಕೇಳುವುದರಿಂದ ಶುರುವಾದದ್ದು ತಿಂಗಳು ಕಳೆಯುವುದರೊಳಗೆ ತಲೆಯಾಡಿಸುವ ಪರಿಚಯವಾಗಿರುತ್ತದೆ. ಅಷ್ಟು ಸಾಕು.

ಪಶ್ಚಿಮ ಬೆಂಗಳೂರಿಗೆ ಇದು ಇನ್ನೂ ಹೆಚ್ಚು ಬೇಕು. ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ ಹಿಡಿದು ಬಂದವರು ಬಸ್ಸಿಳಿದು ನೆಲೆ ನಿಂತ ಊರು ಇದು. ರಾಜಾಜಿಯವರ ಹೆಸರಿನ ಬಡಾವಣೆ 1949ರಲ್ಲಿ ಶುರುವಾಯಿತು, ಕಾರ್ಖಾನೆಗಳೂ ಕಾರ್ಮಿಕರೂ ಬಂದರು. ವಿಜಯನಗರಕ್ಕೆ 2015ರಲ್ಲಿ, ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂತು. ಈಗ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತಮುತ್ತಲ ಪಿಜಿಗಳ ತುಂಬ ಕೆಎಎಸ್, ಐಎಎಸ್ ತರಬೇತಿಗೆ ಬಂದ ಹುಡುಗ ಹುಡುಗಿಯರು. ಅವರಿಗೆಲ್ಲ ಹಂಪಿನಗರದ ದೊಡ್ಡ ಗ್ರಂಥಾಲಯ ಚಿರಪರಿಚಿತ. ಬಾಗಿಲು ತೆಗೆಯುವ ಮೊದಲೇ ಕುರ್ಚಿಯ ಚಿಂತೆ ಹತ್ತಿರುತ್ತದೆ. ಆದರೆ ಅದು ಪರೀಕ್ಷೆಯ ಜಾಗ, ಪದಬಂಧಕ್ಕೆ ಪುರುಸೊತ್ತಿಲ್ಲ. ನಾನು ಹೇಳುತ್ತಿರುವ ಸುಖ ಶಾಖಾ ಗ್ರಂಥಾಲಯಗಳದ್ದು.

ಇವಕ್ಕೆ ದುಡ್ಡು ಎಲ್ಲಿಂದ? ನಮ್ಮಿಂದಲೇ. ಸಾರ್ವಜನಿಕ ಗ್ರಂಥಾಲಯಕ್ಕೆಂದು ಸ್ವತಂತ್ರ ಭಾರತದಲ್ಲಿ ಮೊದಲು ಮದ್ರಾಸಿನಲ್ಲಿ 1948ರಲ್ಲಿ ಕಾಯ್ದೆ ಬಂತು. ನಮ್ಮಲ್ಲಿ 1965ರಲ್ಲಿ. ಮರುವರ್ಷ ನವೆಂಬರ್ 1ಕ್ಕೆ ಇಲಾಖೆಯೂ ಆಯಿತು. ಆಸ್ತಿ ತೆರಿಗೆಯ ರಸೀದಿಯನ್ನು ಬಿಡಿಸಿ ನೋಡಿದರೆ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಈ ಕೊನೆಯದು ಯಾವುದಕ್ಕೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ನಿರಾಶ್ರಿತರ ಪರಿಹಾರ ಕೇಂದ್ರ ಮಾಗಡಿ ರಸ್ತೆಯಲ್ಲೇ ಇದೆ. ಹತ್ತು ಸಾವಿರ ಕಂದಾಯ ಕಟ್ಟುವ ಮನೆಯಿಂದ ವರ್ಷಕ್ಕೆ 600 ರೂಪಾಯಿ ಗ್ರಂಥಾಲಯದ ಪಾಲು. ಬಾಡಿಗೆಯವರೂ ಮಾಲೀಕರ ಮೂಲಕ ಕೊಟ್ಟೇ ಇರುತ್ತಾರೆ. ಹೀಗೆ ವಸೂಲಾದ ಕರ ಪಾಲಿಕೆಯಿಂದ ಇಲಾಖೆಗೆ ಪೂರ್ತಿ ಸಂದಿಲ್ಲ, ಕೋಟಿಗಟ್ಟಲೆ ಬಾಕಿಯಿದೆ ಎಂಬ ಸುದ್ದಿ ಮಾತ್ರ ನನ್ನ ಕತ್ತರಿಕೆಗಳ ಕಡತದಲ್ಲಿ ವರ್ಷ ಬಿಟ್ಟು ವರ್ಷ ಸಿಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಪಶ್ಚಿಮಕ್ಕೂ ಒಂದು ಬಂತು. ಹಳೆಯ ಬಾಕಿ ಯಾರ ಹೆಗಲಿಗೆ ಎಂದು ಕೇಳುವ ಹಕ್ಕು ಕಂದಾಯ ಕಟ್ಟಿದವರಿಗಿದೆ.

ಕೇಳಬೇಕಾದರೆ ಮೊದಲು ಒಳಗೆ ಹೋಗಿ ನೋಡಿರಬೇಕು. ನಾನು ಕೂತ ಶಾಖೆಯಲ್ಲಿ ಒಂದು ಫ್ಯಾನು ತಿರುಗುತ್ತಿರಲಿಲ್ಲ. ಬರುವವರು ಹತ್ತೋ ಹನ್ನೆರಡೋ ಮಂದಿಯಾದರೆ ಅದು ಹಾಗೇ ನಿಂತಿರುತ್ತದೆ. ಐವತ್ತಾದರೆ ಯಾರೋ ಒಬ್ಬರು ಅರ್ಜಿ ಬರೆದೇ ಬರೆಯುತ್ತಾರೆ. ಹಸಿರು ಶಾಯಿಯವರಾದರೆ ಇನ್ನೂ ಒಳ್ಳೆಯದು.

ನಿಮ್ಮ ಬಡಾವಣೆಯ ವಾಚನಾಲಯ ಎಲ್ಲಿದೆಯೆಂದು ಈ ವಾರ ವಿಚಾರಿಸಿ. ಪೇಪರ್ ಓದಲು ಸದಸ್ಯತ್ವ ಬೇಕಿಲ್ಲ. ಸೋಮವಾರ ಹೋಗಬೇಡಿ, ಅಂದು ರಜೆ.